ಕಾವಿಮಣ್ಣಿನಲ್ಲಿ ಮೂಡಿದ ಗೆಲಾಕ್ಸಿ

ದಕ್ಷಿಣ ಆಫ್ರಿಕದ ಕಾರೂ ಒಣಬಯಲಿನ ಖಾಮ್ ಜನರು ಹೇಳುತ್ತಿದ್ದ ಕಥೆಯಲ್ಲಿ ಆಕಾಶಗಂಗೆಯನ್ನು ಮಾಡಿದವಳು ಒಬ್ಬ ಹುಡುಗಿ. ಆಗಷ್ಟೇ ಮೈನೆರೆದು ಗುಡಿಸಲಿನಲ್ಲಿ ಕೂತಿದ್ದವಳು ಬೂದಿ ಬಾಚಿ ಮೇಲಕ್ಕೆ ಎರಚಿದಳು. ಬೇಟೆಗೆ ಹೋದವರಿಗೆ ರಾತ್ರಿ ಮನೆಯ ದಾರಿ ತೋರಲು ಅದೇ ಬೆಳಕಾಯಿತು. ತಾಯಿ ಸಾಲದಷ್ಟು ಕೊಟ್ಟಳೆಂಬ ಸಿಟ್ಟಿಗೆ ಗೆಡ್ಡೆಗಳನ್ನೂ ತೂರಿದಳು: ಬಲಿತವು ಕೆಂಪು ನಕ್ಷತ್ರಗಳಾದವು, ಎಳೆಯವು ಬಿಳಿ ನಕ್ಷತ್ರಗಳಾದವು.

ವರ್ಣಭೇದ ನೀತಿಯ ಕಾಲದಲ್ಲಿ ದೇಶ ಬಿಟ್ಟ ಕಲಾವಿದ ಗ್ಯಾವಿನ್ ಯಾಂಚೀಸ್ ಈ ಕಥೆಯನ್ನು ಕಡುನೀಲಿ ಕ್ಯಾನ್ವಾಸಿಗೆ ತಂದರು. ಬಣ್ಣದ ಜೊತೆಗೆ ಮರಳು ಮತ್ತು ತೆಳುಕಾಗದವನ್ನೂ ಬಳಸಿದ ಆ ಚಿತ್ರ 2012ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಆಫ್ರಿಕನ್ ಕಲಾ ಸಂಗ್ರಹಾಲಯದ 'ಆಫ್ರಿಕನ್ ಕಾಸ್ಮೋಸ್: ಸ್ಟೆಲ್ಲರ್ ಆರ್ಟ್ಸ್' ಪ್ರದರ್ಶನದಲ್ಲಿತ್ತು. ಕ್ರಿಸ್ಟೀನ್ ಮಲ್ಲನ್ ಕ್ರೀಮರ್ ರೂಪಿಸಿದ ಆ ಪ್ರದರ್ಶನದಲ್ಲಿ ಹಳೆಯ ಈಜಿಪ್ಟಿನ, ಮಾಲಿ ದೇಶದ ಡೋಗಾನ್ ಜನರ ವಸ್ತುಗಳ ಜೊತೆಗೇ ಇಂದಿನ ಕಲಾವಿದರ ಕೃತಿಗಳೂ ಇದ್ದವು. ಬೆನಿನ್ ದೇಶದ ರೊಮುವಾಲ್ಡ್ ಹಜುಮೆ ಅವರದು ಕಾಮನಬಿಲ್ಲಿನ ಸರ್ಪ. ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಆ ವಿಶ್ವಸರ್ಪದ ಮೈಯೆಲ್ಲ ಪ್ಲಾಸ್ಟಿಕ್ ಪೆಟ್ರೋಲ್ ಕ್ಯಾನುಗಳು. ನೈಜೀರಿಯಾದಿಂದ ಬೆನಿನ್‌ಗೆ ಕಳ್ಳಸಾಗಣೆಯ ಇಂಧನ ಬರುತ್ತಿದ್ದದ್ದು ಇಂಥವುಗಳಲ್ಲೇ.

ಈ ಕಲಾವಿದರಲ್ಲಿ ಎಲ್ಲರಿಗಿಂತ ಆಳಕ್ಕೆ ಇಳಿದವರು ಕರೆಲ್ ನೆಲ್. 'ಕಾಸ್ಮೋಸ್' ಎಂಬ ಅಂತರರಾಷ್ಟ್ರೀಯ ಖಗೋಳ ಸಮೀಕ್ಷೆಯ ವಿಜ್ಞಾನಿಗಳ ತಂಡದ ಜೊತೆಗಿದ್ದು ಕೆಲಸ ಮಾಡುವ ಕಲಾವಿದರು ಅವರು. ಹತ್ತು ಹುಣ್ಣಿಮೆ ಚಂದ್ರರು ಹಿಡಿಸುವಷ್ಟು, ಅಂದರೆ ಎರಡು ಚದರ ಡಿಗ್ರಿಯ ಆಕಾಶದ ತುಣುಕನ್ನು ಹಬಲ್ ಮತ್ತಿತರ ದೂರದರ್ಶಕಗಳಿಂದ ಜಾಲಾಡಿದ ಸಮೀಕ್ಷೆ ಅದು. ಅಷ್ಟರಲ್ಲೇ 20 ಲಕ್ಷಕ್ಕೂ ಹೆಚ್ಚು ಗೆಲಾಕ್ಸಿಗಳು ಸಿಕ್ಕಿವೆ. ಕಂಪ್ಯೂಟರಿನಲ್ಲಿ ಬರೀ ಅಂಕಿಗಳಾಗಿದ್ದ ಇದನ್ನು ನೆಲ್ ಕಾವಿಮಣ್ಣು, ಉಪ್ಪು, ಕೋಟ್ಯಂತರ ವರ್ಷ ಹಳೆಯ ಇಂಗಾಲದ ಕಪ್ಪು ಧೂಳು ಬಳಸಿ ಚಿತ್ರಿಸುತ್ತಾರೆ. ಬಂಡೆಯ ಮೇಲೆ ಚಿತ್ರ ಬಿಡಿಸಿದ, ಖಾಮರೂ ಸೇರಿದ ಸ್ಯಾನ್ ಜನರ ಕೈಯಲ್ಲಿದ್ದದ್ದೂ ಅದೇ ಕಾವಿಮಣ್ಣು. ಡಿಜಿಟಲ್ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕುವುದು ಎಷ್ಟೋ ಸುಲಭವಿತ್ತು. ಆ ಸುಲಭದ ದಾರಿ ಹಿಡಿಯದ ಕಾರಣಕ್ಕೇ ನೆಲ್ ಅವರ ಕೆಲಸಕ್ಕೆ ತೂಕ ಬಂದಿದೆ.

ಹಾಗೆಂದು ಪರದೆಯ ಮೇಲಿನ ಕಲೆಯೆಲ್ಲ ಹಗುರವಲ್ಲ. ಕೆನ್ಯಾದ ಜಾಕ್ ನ್ಜೇರಿ 2017ರಲ್ಲಿ ಮಾಡಿದ 'ಮಾಸೈ' ಚಿತ್ರಮಾಲೆಯಲ್ಲಿ ಮಾಸಾಯಿ ಜನರು ತಮ್ಮ ಕೆಂಪು ಹೊದಿಕೆ, ಮಣಿಸರಗಳಲ್ಲೇ ಬೇರೆ ಗ್ರಹಗಳ ಮೇಲೆ ನಿಂತಿದ್ದಾರೆ. ನೋಡಿದೊಡನೆ ನಗು ಬರುತ್ತದೆ, ಆಮೇಲೆ ಪ್ರಶ್ನೆ ಏಳುತ್ತದೆ: ಅಂತರಿಕ್ಷ ಎಂದರೆ ನಮ್ಮ ಕಣ್ಣಿಗೆ ಬಿಳಿಯ ದಿರಿಸೇ ಯಾಕೆ ಬರಬೇಕು? ಇದರ ಬೆನ್ನಿಗೇ ಆಫ್ರಿಕದ ಮುಖವೊಂದಕ್ಕೆ ನೆಬ್ಯುಲಾ ಅಂಟಿಸಿ ಕೈತೊಳೆದುಕೊಳ್ಳುವ ಕೊಲಾಜುಗಳೂ ಅಂತರ್ಜಾಲದಲ್ಲಿ ರಾಶಿ ಬಿದ್ದಿವೆ. ಅವುಗಳ ಮಾತು ಬೇರೆ.

ಖಾಮ್ ಜನರ ಕಾರೂ ಈಗ ರೇಡಿಯೊ ದೂರದರ್ಶಕಗಳ ನೆಲ. ಅಲ್ಲಿ 64 ಆಂಟೆನಾಗಳ ಮೀರ್‌ಕ್ಯಾಟ್ 2018ರಲ್ಲಿ ಉದ್ಘಾಟನೆಯಾಯಿತು. ಭಾರತವೂ ಪಾಲುದಾರನಾಗಿರುವ 'ಸ್ಕ್ವೇರ್ ಕಿಲೋಮೀಟರ್ ಅರೇ' (ಎಸ್‌ಕೆಎ) ಎಂಬ ರೇಡಿಯೊ ದೂರದರ್ಶಕ ಯೋಜನೆಯಲ್ಲಿ ಆಂಟೆನಾಗಳ ಸಂಖ್ಯೆ 197ಕ್ಕೆ ಏರಲಿದೆ. ಆಕಾಶದ ಕ್ಷೀಣ ಸದ್ದು ಕೇಳಬೇಕಾದರೆ ಸುತ್ತಮುತ್ತ ಮೊಬೈಲ್ ಸಿಗ್ನಲ್‌ಗೂ ಕಡಿವಾಣ ಬೇಕು. ಅದಕ್ಕಾಗಿ 2007ರಲ್ಲೇ ಅಲ್ಲಿ ಕಾನೂನು ಬಂದಿದೆ. ಜಗತ್ತಿನ ಅತಿ ದೊಡ್ಡ ಡಿಜಿಟಲ್ ಯಂತ್ರಗಳಲ್ಲಿ ಒಂದು ಬಂದು, ಸುತ್ತಲಿನವರ ಫೋನಿನ ಬಾಯಿ ಕಟ್ಟಿಸಿತು! ಇದೇ ಯೋಜನೆಯ ಆಶ್ರಯದಲ್ಲಿ 2014ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ 'ಶೇರ್ಡ್ ಸ್ಕೈ' ಪ್ರದರ್ಶನ ನಡೆಯಿತು. ಆಸ್ಟ್ರೇಲಿಯದ ಯಮಾಜಿ ಮೂಲನಿವಾಸಿಗಳ ಚಿತ್ರಗಳ ಜೊತೆ ಕಾರೂ ಸೀಮೆಯ ನ್ಯೂ ಬೆಥೆಸ್ಡಾ ಊರಿನ ಕಲಾವಿದರು ಖಾಮ್ ಕಥೆಗಳನ್ನು ಬಟ್ಟೆಯಲ್ಲಿ ಹೊಲಿದು ತಂದಿದ್ದರು. ನಮ್ಮ ಕೌದಿಯಂತೆ ತುಂಡು ಸೇರಿಸಿ ಹೊಲಿದ ಕೆಲಸ ಅದು.

ಖಾಮ್ ನುಡಿಯನ್ನಾಡುವವರು ಈಗ ಯಾರೂ ಇಲ್ಲ. ಕಥೆಗಳು ಉಳಿದದ್ದು 1870ರ ದಶಕದಲ್ಲಿ ವಿಲ್‌ಹೆಲ್ಮ್ ಬ್ಲೀಕ್ ಮತ್ತು ಲೂಸಿ ಲಾಯ್ಡ್ ಕೇಪ್‌ಟೌನಿನಲ್ಲಿ ಬರೆದುಕೊಂಡ ಟಿಪ್ಪಣಿ ಪುಸ್ತಕಗಳಿಂದ. ಕಥೆ ಹೇಳಿದವರಲ್ಲಿ ಹಲವರು ಜೈಲಿನಿಂದ ಬಂದ ಖಾಮ್ ಕೈದಿಗಳು. ಸುಮಾರು 12,000 ಪುಟಗಳ ಆ ಸಂಗ್ರಹವನ್ನು ಪಿಪ್ಪಾ ಸ್ಕಾಟ್ನೆಸ್ ಮುಂದಾಳತ್ವದಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯ 'ಡಿಜಿಟಲ್ ಬ್ಲೀಕ್ ಅಂಡ್ ಲಾಯ್ಡ್' ಹೆಸರಿನಲ್ಲಿ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿದೆ. ಈ ಕಲೆಯಲ್ಲಿ ಆಸಕ್ತಿ ಹುಟ್ಟಿದವರು ಚಿತ್ರಗಳಿಗಿಂತ ಮೊದಲು ಆ ಪುಟಗಳನ್ನು ತಿರುವಿ ನೋಡಲಿ.