ಉಣ್ಣೆ ಹೇನು ಮತ್ತು ಗಡಿ ಕಾಯುವ ಕಾಯ್ದೆ

2002ನೇ ಇಸವಿಯ ಜುಲೈ ತಿಂಗಳನ್ನು ಸಾಂಗಲಿ ಜಿಲ್ಲೆಯ ಕಬ್ಬು ಬೆಳೆಗಾರರು ಮರೆತಿರಲಾರರು. ಕಬ್ಬಿನ ಎಲೆಯ ಕೆಳಗೆ ಹತ್ತಿ ಮೆತ್ತಿದ ಹಾಗೆ ಬಿಳಿಯ ಕೀಟ ಕಾಣಿಸಿಕೊಂಡಿತು. ಅದು ಸುರಿಸುವ ಅಂಟಿನಿಂದ ಕೆಳಗಿನ ಎಲೆಗಳು ಮಸಿ ಬಳಿದಂತೆ ಕಪ್ಪಾದವು. ಮರಾಠಿಯಲ್ಲಿ ‘ಲೋಕರಿ ಮಾವಾ’ ಎಂದರು, ಕನ್ನಡದಲ್ಲಿ ಉಣ್ಣೆ ಹೇನು ಎಂದರು. ಹೆಸರು ಎರಡಾದರೂ ಹಾನಿ ಒಂದೇ. ರಸ ಹೀರಿಸಿಕೊಂಡ ಕಬ್ಬಿನ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ.

ಈ ಕೀಟ ಭಾರತಕ್ಕೆ ಹೊಸದಲ್ಲ, ಈಶಾನ್ಯ ರಾಜ್ಯಗಳಲ್ಲಿ ಮೊದಲೇ ಇತ್ತು. ನಮ್ಮ ಭಾಗದ ಕಬ್ಬಿಗೆ ಮಾತ್ರ ಹೊಸದು. ಅದೇ ವರ್ಷ ಗಡಿ ದಾಟಿ ಉತ್ತರ ಕರ್ನಾಟಕಕ್ಕೂ ಹಬ್ಬಿತು. ಇಂಥದನ್ನು ತಡೆಯಲು ಕಾಯ್ದೆ ಇಲ್ಲವೇ ಎಂದು ಯಾರಿಗಾದರೂ ಅನಿಸುವುದು ಸಹಜ.

ಕಾಯ್ದೆ ಇದೆ, ಅದೂ ಬ್ರಿಟಿಷರ ಕಾಲದ್ದು. 1914ರ ವಿನಾಶಕಾರಿ ಕೀಟ ಮತ್ತು ಪಿಡುಗುಗಳ ಕಾಯ್ದೆ ಎಂದು ಅದರ ಹೆಸರು. ಅದರ ಆಧಾರದ ಮೇಲೆ 2003ರಲ್ಲಿ ಹೊರಟ ಆದೇಶದಂತೆ ಪರದೇಶದಿಂದ ಬರುವ ಬೀಜ, ಸಸಿ, ಹಣ್ಣುಗಳಿಗೆ ಪರವಾನಗಿ ಬೇಕು, ಕಳಿಸುವ ದೇಶದ ಆರೋಗ್ಯ ಪ್ರಮಾಣಪತ್ರ ಬೇಕು, ಬಂದರು ಅಥವಾ ವಿಮಾನ ನಿಲ್ದಾಣದಲ್ಲಿ ತಪಾಸಣೆ ಆಗಬೇಕು. ರಾಜ್ಯದಿಂದ ರಾಜ್ಯಕ್ಕೆ ಸಾಗಣೆಯನ್ನು ನಿಲ್ಲಿಸುವ ಅಧಿಕಾರವೂ ಮೂಲ ಕಾಯ್ದೆಯಲ್ಲಿದೆ. ಡಾರ್ಜಿಲಿಂಗ್ ಭಾಗದ ಆಲೂಗಡ್ಡೆಯ ಗಂಟು ರೋಗ ಬೇರೆಡೆ ಹರಡಬಾರದೆಂದು ಅಲ್ಲಿಯ ಆಲೂಗಡ್ಡೆಯ ಸಾಗಣೆಗೆ ನಿರ್ಬಂಧ ಬಂದದ್ದು ಹೀಗೆಯೇ.

ನನ್ನ ಆಯುಷ್ಯವೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ಕಳೆಯಿತು. ಖೋಟಾ ನೋಟನ್ನು ಕೌಂಟರಿನಲ್ಲಿ ಹಿಡಿಯಬಹುದು. ಸಂತೆಯಲ್ಲಿ ಕೈಯಿಂದ ಕೈಗೆ ಹೋದ ಮೇಲೆ ಹಿಡಿಯುವುದು ಕಠಿಣ. ಕೀಟದ ಕಾಯ್ದೆಯೂ ಹಾಗೆಯೇ, ಬಾಗಿಲು ಇದ್ದಲ್ಲಿ ಅದಕ್ಕೆ ಬಲ.

ದ್ವೀಪಗಳಿಗೆ ಅಂಥ ಬಾಗಿಲು ಇರುತ್ತದೆ. ನ್ಯೂಜಿಲೆಂಡಿನಲ್ಲಿ ವಿಮಾನದಿಂದ ಇಳಿಯುವವನ ಚೀಲದಲ್ಲಿ ತಿಳಿಸದೆ ತಂದ ಒಂದು ಸೇಬು ಸಿಕ್ಕರೂ ಸ್ಥಳದಲ್ಲೇ 400 ಡಾಲರ್ ದಂಡ. ಹವಾಯಿಯಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಸಸಿ ಒಯ್ಯಲೂ ತಪಾಸಣೆ ಉಂಟು. ಇಷ್ಟಾದರೂ 2010ರಲ್ಲಿ ಅಲ್ಲಿಯ ದೊಡ್ಡ ದ್ವೀಪದಲ್ಲಿ ಕಂಡ ಕಾಫಿ ಕಾಯಿಕೊರಕ ಹುಳು 2014ರಲ್ಲಿ ಓಆಹು ದ್ವೀಪಕ್ಕೂ ಮುಟ್ಟಿತು. ಸುತ್ತ ಸಮುದ್ರ ಇದ್ದವರ ಗತಿಯೇ ಹೀಗೆ.

ಇನ್ನು ನಮ್ಮದು? ಮಿರಜದಿಂದ ಮ್ಹೈಸಾಳ ದಾಟಿದರೆ ಕಾಗವಾಡ. ಈಚೆ ಮಹಾರಾಷ್ಟ್ರದ ಕಬ್ಬು, ಆಚೆ ಕರ್ನಾಟಕದ ಕಬ್ಬು. ಉಣ್ಣೆ ಹೇನು ಗಾಳಿಯಲ್ಲಿ ಹೋಗುತ್ತದೆ. ಅಷ್ಟೇ ಅಲ್ಲ, ಬೀಜದ ಕಬ್ಬಿನ ಜೊತೆಗೂ, ದನಕ್ಕೆಂದು ಹೇರಿದ ಸೋಗೆಯ ಜೊತೆಗೂ, ಅಂದರೆ ನಾವು ವಾಡೆ ಅನ್ನುತ್ತೇವಲ್ಲ ಅದರ ಜೊತೆಗೂ ಹೋಗುತ್ತದೆ. ಗಾಳಿಗೆ ಯಾವ ನಾಕಾ? ಆದರೆ ಬಂಡಿಯನ್ನು ಹೇರುವವರು ನಾವೇ.

ಎದೆ ಮೀರಿ ಬೆಳೆದ ಕಬ್ಬಿನೊಳಗೆ ಹೊಕ್ಕು ಔಷಧ ಹೊಡೆಯುವುದೂ ಸುಲಭವಲ್ಲ. ಕೊನೆಗೆ ಕೈಹಿಡಿದದ್ದು ಹೇನನ್ನು ತಿನ್ನುವ ಹುಳುಗಳು. ಡೈಫಾ ಎಂಬ ಚಿಟ್ಟೆಯ ಮರಿಹುಳು, ಮೈಕ್ರೋಮಸ್ ಎಂಬ ಕೀಟ, ಇವು ಹೇನಿನ ಗುಂಪಿನಲ್ಲೇ ಇದ್ದು ಅದನ್ನು ತಿಂದು ತಗ್ಗಿಸುತ್ತವೆ. ಎನ್‌ಕಾರ್ಸಿಯಾ ಎಂಬ ಅತಿ ಸಣ್ಣ ಪರಾವಲಂಬಿ ಕೀಟವನ್ನು ಅಸ್ಸಾಮಿನಿಂದ ತಂದು ಬಿಡಲಾಯಿತು. ಡೈಫಾ ಇರುವ ಎಲೆಗಳನ್ನು ಒಂದು ಹೊಲದಿಂದ ಕೊಯ್ದು ಇನ್ನೊಂದರಲ್ಲಿ ಕಟ್ಟುವುದೂ ರೂಢಿಯಾಯಿತು. ವೈರಿಯನ್ನು ಹೊತ್ತುಕೊಂಡು ಹೋದ ಎಲೆಯೇ ಮಿತ್ರನನ್ನೂ ಹೊತ್ತುಕೊಂಡು ಹೋಯಿತು.

ಆದುದರಿಂದ ರೈತ ಬಂಧುಗಳೇ, ಬೀಜದ ಕಬ್ಬು ತರುವ ಮೊದಲು ಆ ಹೊಲಕ್ಕೆ ಹೋಗಿ ಎಲೆಯನ್ನು ಮಗುಚಿ ನೋಡಿರಿ. ಹೇನು ಇದ್ದ ಹೊಲದ ವಾಡೆಯನ್ನು ಬೇರೆ ಊರಿಗೆ ಮಾರಬೇಡಿರಿ. ಮಿತ್ರಕೀಟ ಕಂಡರೆ ಔಷಧದ ಪಂಪು ಕೆಳಗಿಡಿರಿ. ನಿಮ್ಮ ಕಬ್ಬಿಗೆ ಹೇನು ಹತ್ತಿದರೆ ಮುಚ್ಚಿಡದೆ ಪಕ್ಕದ ಹೊಲದವರಿಗೂ ಕೃಷಿ ಇಲಾಖೆಗೂ ಅಂದೇ ತಿಳಿಸಿರಿ. ಇದರಲ್ಲಿ ಅವಮಾನವೇನೂ ಇಲ್ಲ.

ಬಂದರಿನ ಬಾಗಿಲನ್ನು ಸರ್ಕಾರ ಕಾಯಲಿ. ಹೊಲದ ಬದುವಿನಲ್ಲಿ ಕಾವಲುಗಾರ ಇಲ್ಲ. ಅಲ್ಲಿ ನಿಮ್ಮ ಕಣ್ಣೇ ಕಾಯ್ದೆ.