ಕಾಫಿ ಗಿಡದ ಬುಡದಲ್ಲಿ ಒಂದು ರಿವಾಲ್ವರ್

1998ರ ಮಳೆಗಾಲ. ಚಿಕ್ಕಮಗಳೂರು ಜಿಲ್ಲೆಯ ಕಂದಾಯ ಆಡಳಿತದಲ್ಲಿದ್ದ ನನ್ನ ಮೇಜಿಗೆ ಅಭಿಪ್ರಾಯಕ್ಕಾಗಿ ಒಂದು ಕಡತ ಬಂತು. ಬಾಳೂರು ಹೋಬಳಿಯ ಕಾಫಿ ಬೆಳೆಗಾರರೊಬ್ಬರು, ತಮ್ಮಲ್ಲಿ ಈಗಾಗಲೇ ಇರುವ ಜೋಡುನಳಿಗೆಯ ತೋಟಾ ಕೋವಿಯ ಜೊತೆಗೆ ಒಂದು ರಿವಾಲ್ವರ್ ಹೊಂದಲು ಪರವಾನಗಿ ಕೋರಿದ್ದರು. ಕಾರಣದ ಜಾಗದಲ್ಲಿ ‘ಆತ್ಮರಕ್ಷಣೆ ಮತ್ತು ಬೆಳೆ ರಕ್ಷಣೆ’ ಎಂದು ಬರೆದಿತ್ತು. ರಿವಾಲ್ವರಿನಿಂದ ಬೆಳೆ ಕಾಯುವುದು ಹೇಗೆಂದು ನನಗೆ ಅರ್ಥವಾಗಲಿಲ್ಲ. ಕರೆಸಿ ಕೇಳಿದೆ.

ಅವರು ಮುಚ್ಚುಮರೆಯ ಮನುಷ್ಯರಲ್ಲ. ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ತೊಡೆಯವರೆಗೆ ಸೀಳಿ ಹೋಗಿದ್ದ ಹಳೆಯ ಗಾಯದ ಗುರುತನ್ನು ತೋರಿಸಿದರು. ಈಡು ತಿಂದ ಹಂದಿ ಹಳು ಬಿಟ್ಟು ಕಾಫಿಯೊಳಗೆ ನುಗ್ಗುತ್ತದೆ. ಅದನ್ನು ಹಾಗೇ ಬಿಟ್ಟರೆ ಮರುದಿನ ಬೆಳಿಗ್ಗೆ ಹಣ್ಣು ಕೊಯ್ಯಲು ಬರುವ ಹೆಂಗಸರ ಮೇಲೆ ಬೀಳುತ್ತದೆ. ಹಾಗಾಗಿ ಹುಡುಕಲೇಬೇಕು. ಹುಡುಕುವುದೆಂದರೆ, ಒಂದಕ್ಕೊಂದು ಹೆಣೆದುಕೊಂಡ ಗಿಡಗಳ ಕೆಳಗೆ ಬಗ್ಗಿ, ಕೆಲವೆಡೆ ತೆವಳಿಕೊಂಡು ಹೋಗುವುದು. “ಸಾರ್, ಅಲ್ಲಿ ಆ ಉದ್ದದ ನಳಿಗೇನ ಯಾವ ಕಡೆ ತಿರುಗಿಸೋದು ಹೇಳಿ? ರೆಕ್ಕೆಗೆ ಸಿಕ್ಕಿಕೊಳ್ಳುತ್ತೆ. ಒಂದು ಕೈಯಲ್ಲಿ ಹಿಡಿಯೋ ಅಂಥದ್ದು ಇದ್ರೆ ಜೀವ ಉಳಿಯುತ್ತೆ” ಎಂದರು. ಗಿಡದ ಅಡ್ಡಕೊಂಬೆಗೆ ನಮ್ಮ ಮಲೆನಾಡಿನವರು ರೆಕ್ಕೆ ಎನ್ನುತ್ತಾರೆ.

ಅವರು ಕೇಳಿದ್ದು ಹೊಸ ವಿಚಾರವೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆನೆಯ ಮೇಲೆ ಕುಳಿತು ಹುಲಿ ಬೇಟೆಗೆ ಹೊರಡುತ್ತಿದ್ದ ಬ್ರಿಟಿಷರು ‘ಹೌದಾ ಪಿಸ್ತೂಲು’ ಎಂಬ ದಪ್ಪ ನಳಿಗೆಯ ಗಿಡ್ಡ ಆಯುಧವನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದರು. ಅದು ಬೇಟೆಯಾಡಲಿಕ್ಕಲ್ಲ, ಗಾಯಗೊಂಡ ಹುಲಿ ಆನೆಯ ಮೈಮೇಲೆ ಹತ್ತಿ ಬಂದರೆ ಕೈಯಳತೆಯಲ್ಲಿ ಹೊಡೆಯಲಿಕ್ಕೆ. ಸಣ್ಣ ಆಯುಧದಿಂದಲೇ ದೊಡ್ಡ ಪ್ರಾಣಿಯನ್ನು ಬೇಟೆಯಾಡುವ ಹವ್ಯಾಸ ಬೆಳೆದದ್ದು ಅಮೆರಿಕದಲ್ಲಿ. 1935ರಲ್ಲಿ .357 ಮ್ಯಾಗ್ನಮ್ ಬಂತು. 1955ರಲ್ಲಿ, ಐಡಾಹೊದ ಎಲ್ಮರ್ ಕೀತ್ ಎಂಬ ಬೇಟೆಗಾರ ಬರಹಗಾರನ ಒತ್ತಾಯದ ಫಲವಾಗಿ, ಸ್ಮಿತ್ ಅಂಡ್ ವೆಸನ್ ಕಂಪನಿ .44 ಮ್ಯಾಗ್ನಮ್ ರಿವಾಲ್ವರನ್ನು ತಯಾರಿಸಿತು. ಜಿಂಕೆ, ಕರಡಿಗಳನ್ನು ಅದರಿಂದ ಹೊಡೆಯುವವರು ಅಲ್ಲಿ ಇಂದಿಗೂ ಇದ್ದಾರೆ. ಹಲವು ರಾಜ್ಯಗಳಲ್ಲಿ ಅದು ಕಾನೂನುಬದ್ಧ. ಪ್ರಾಣಿಯ ಹತ್ತಿರ ಹೋಗಲೇಬೇಕಾದ್ದರಿಂದ ಅದು ಹೆಚ್ಚು ನ್ಯಾಯವಾದ ಬೇಟೆ ಎಂಬುದು ಅವರ ವಾದ. ಗುರಿ ತಪ್ಪಿ ಗಾಯಗೊಂಡು ಓಡುವ ಪ್ರಾಣಿಯ ಮಟ್ಟಿಗೆ ಆ ನ್ಯಾಯ ಎಷ್ಟರದ್ದೋ!

ನಮ್ಮಲ್ಲಿ ಕಾನೂನಿನ ದಾರಿಯೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಕೃಷಿಕನನ್ನು ಹೆಸರಿಸದೆಯೇ ನೆನೆಯುತ್ತದೆ. ನಿಜವಾಗಿಯೂ ಬೆಳೆ ರಕ್ಷಣೆಗೆ ಬೇಕಾದ ಕೇಪಿನ ಕೋವಿಗೆ ಪರವಾನಗಿ ‘ಕೊಡತಕ್ಕದ್ದು’ ಎನ್ನುತ್ತದೆ. ಅದು ಸಾಲದೆಂದು ಕಂಡರೆ ಬೇರೆ ನುಣುಪು ನಳಿಗೆಯ ಕೋವಿ ಕೊಡಬಹುದು ಎನ್ನುತ್ತದೆ. ರಿವಾಲ್ವರಿಗೆ ಈ ಸೌಲಭ್ಯವಿಲ್ಲ. ಅಗತ್ಯವನ್ನು ಅರ್ಜಿದಾರನೇ ಮನಗಾಣಿಸಬೇಕು. ಕೊಡಗಿನಲ್ಲಿ ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಮೂಡಿಗೆರೆಯ ಬೆಳೆಗಾರನಿಗೆ ಅದೇ ಹಂದಿ, ಅದೇ ಕಾಫಿ, ಆದರೆ ಆ ವಿನಾಯಿತಿ ಇಲ್ಲ. ಇದನ್ನು ಆ ಅರ್ಜಿದಾರರು ನಗುತ್ತಲೇ ನನಗೆ ನೆನಪಿಸಿದ್ದರು.

ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಅವರು ಹೇಳುತ್ತಿದ್ದ ಬೇಟೆಯೇ ಅಪರಾಧವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ಬಂದ ತಿದ್ದುಪಡಿಯ ನಂತರ ಮೋಜಿನ ಬೇಟೆಗೆ ಅವಕಾಶವೇ ಉಳಿಯಲಿಲ್ಲ. ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲೂ 11ನೇ ಕಲಂನಡಿ ಲಿಖಿತ ಅನುಮತಿ ಬೇಕು. ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಅಪರಾಧವಲ್ಲವೆಂದು ಅದೇ ಕಲಂ ಹೇಳುತ್ತದಾದರೂ, ತಾನೇ ಕಾನೂನು ಮುರಿಯುತ್ತಿದ್ದವನಿಗೆ ಆ ರಕ್ಷಣೆ ಇಲ್ಲ. ಮರಸು ಕಟ್ಟಿ ಕುಳಿತವನ ಮೇಲೆ ಹಂದಿ ತಿರುಗಿಬಿದ್ದರೆ ಅದು ಯಾವ ಲೆಕ್ಕಕ್ಕೆ?

ಅರ್ಥಶಾಸ್ತ್ರ ಓದಿದವನಾದ ನಾನು ಲೆಕ್ಕ ಹಾಕಿಯೇ ಷರಾ ಬರೆದೆ. ನಾಗರಿಕನಿಗೆ ಆಗ ಸುಲಭವಾಗಿ ದೊರಕುತ್ತಿದ್ದದ್ದು ಕಾನ್ಪುರ ಕಾರ್ಖಾನೆಯ .32 ರಿವಾಲ್ವರ್. ಅದರ ಗುಂಡಿನ ಶಕ್ತಿ ಸುಮಾರು 170 ಜೂಲ್. ಅಮೆರಿಕದವರ .44 ಮ್ಯಾಗ್ನಮ್ ಅದರ ಏಳೆಂಟು ಪಟ್ಟು. ಅವರ ಮನೆಯಲ್ಲೇ ಇದ್ದ ಹನ್ನೆರಡು ಬೋರಿನ ಕೋವಿ ಅದಕ್ಕಿಂತಲೂ ಹೆಚ್ಚು. ಬಲಿತ ಗಂಡು ಹಂದಿಯ ಭುಜದ ಮೇಲೆ ಗುರಾಣಿಯಂಥ ದಪ್ಪ ಚರ್ಮ ಬೆಳೆದಿರುತ್ತದೆ. ಅದರ ಮೇಲೆ .32 ಗುಂಡು ಹಾರಿಸಿದರೆ ಹಂದಿಗೆ ಸಿಟ್ಟು ಬರುವುದಷ್ಟೇ ಖಚಿತ. ಮೇಲಾಗಿ, ಕೈಯಲ್ಲಿ ರಿವಾಲ್ವರ್ ಇದೆಯೆಂಬ ಧೈರ್ಯದಿಂದ ಹಿಂದೆ ಹೋಗದಿದ್ದವನೂ ಹೋಗುತ್ತಾನೆ. ಶಿಫಾರಸು ಮಾಡಲಾಗದು ಎಂದು ಬರೆದು ಸಹಿ ಹಾಕಿದೆ. ಅರ್ಜಿ ತಿರಸ್ಕೃತವಾಯಿತು. ಷರಾ ಚೆನ್ನಾಗಿದೆ ಎಂದು ಹಿರಿಯ ಅಧಿಕಾರಿಯೊಬ್ಬರು ಹೊಗಳಿದರು. ಅದು ನನಗೆ ಖುಷಿಯನ್ನೂ ಕೊಟ್ಟಿತ್ತು.

ಒಂದೂವರೆ ವರ್ಷದ ಬಳಿಕ ಅದೇ ತೋಟದ ಮೇಸ್ತ್ರಿ ಹಂದಿಯ ದಾಳಿಯಿಂದ ಸತ್ತರು. ಪರಿಹಾರದ ಕಡತ ನನ್ನ ಮುಂದೆ ಬಂತು. ‘ಕಳೆ ತೆಗೆಯುತ್ತಿದ್ದಾಗ ಕಾಡುಹಂದಿ ಏಕಾಏಕಿ ಹಾಯ್ದು’ ಎಂದಿತ್ತು. ಘಟನೆಯ ಹೊತ್ತು ಸಂಜೆ ಏಳು ಗಂಟೆ, ದಿನ ಭಾನುವಾರ, ತಿಂಗಳು ಜನವರಿ. ಜನವರಿಯ ಭಾನುವಾರ ಕತ್ತಲಲ್ಲಿ ಯಾರೂ ಕಳೆ ತೆಗೆಯುವುದಿಲ್ಲ ಎಂಬುದು ಬಯಲುಸೀಮೆಯಲ್ಲಿ ಹುಟ್ಟಿದ ನನಗೂ ಗೊತ್ತಿತ್ತು. ಗಾಯಗೊಂಡ ಹಂದಿಯ ಜಾಡು ಹಿಡಿದು ಮೇಸ್ತ್ರಿಯೇ ಮುಂದೆ ಹೋಗಿದ್ದರೆಂದೂ, ಕೈಯಲ್ಲಿದ್ದ ಕೋವಿಯ ನಳಿಗೆ ರೆಕ್ಕೆಗೆ ಸಿಕ್ಕಿ ತಿರುಗಲಿಲ್ಲವೆಂದೂ ಆಮೇಲೆ ಕೇಳಿದೆ. ಸತ್ಯ ಬರೆದರೆ ಹೆಂಡತಿ, ಇಬ್ಬರು ಸಣ್ಣ ಮಕ್ಕಳಿಗೆ ಪರಿಹಾರ ಹೋಗುತ್ತಿತ್ತು. ಬೇಟೆಯ ಮೊಕದ್ದಮೆ ಬರುತ್ತಿತ್ತು. ಕಡತಕ್ಕೆ ಸಹಿ ಹಾಕಿದೆ. ನನ್ನ ಹಿಂದಿನ ಷರಾ ಸರಿ, ಈ ಸಹಿ ತಪ್ಪು ಎನ್ನುವುದು ಸುಲಭ. ಅದು ತಿರುವುಮುರುವಾಗಿಯೂ ಇರಬಹುದೆಂಬ ಸಂಶಯ ನನ್ನನ್ನು ಈ ಇಪ್ಪತ್ತೈದು ವರ್ಷವೂ ಬಿಟ್ಟಿಲ್ಲ. ಮೂರಡಿ ದೂರದಿಂದ, ಹಣೆಗೆ ಅಥವಾ ಕಿವಿಯ ಬುಡಕ್ಕೆ ಬಿದ್ದರೆ .32 ಗುಂಡೂ ಕೊಲ್ಲಬಲ್ಲದು. ಜೂಲ್‌ಗಳ ನನ್ನ ಲೆಕ್ಕದಲ್ಲಿ ಆ ಮೂರಡಿ ಸೇರಿರಲಿಲ್ಲ. ಹಾಗೆಂದು ಆ ಕತ್ತಲಲ್ಲಿ ಹಾಯ್ದು ಬರುವ ಹಂದಿಯ ಹಣೆಗೆ ಯಾರು ಗುರಿಯಿಟ್ಟಾರು?

ಆನಂತರ ಕಾನೂನು ಇನ್ನೂ ಬಿಗಿಯಾಗಿದೆ. 2019ರ ತಿದ್ದುಪಡಿ ಒಬ್ಬರು ಹೊಂದಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ತಿದ್ದುಪಡಿ ಕಾಯ್ದೆಯಲ್ಲಿ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಆದರೆ ಬಾಳೂರಿನವರಿಗೆ ಈಗ ಹಂದಿಗಿಂತ ದೊಡ್ಡ ಚಿಂತೆ ಆನೆ. ಅದರ ಮುಂದೆ ತೋಟಾ ಕೋವಿಯೂ ಆಟಿಕೆಯೇ. 2023ರ ಆಗಸ್ಟ್ ಕೊನೆಯಲ್ಲಿ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಕಾಡಾನೆಗೆ ಚಿಕಿತ್ಸೆ ಕೊಡಲೆಂದು ಅರಿವಳಿಕೆ ಮದ್ದು ಹಾರಿಸಲು ಹೋದ ಇಲಾಖೆಯ ನುರಿತ ಗುರಿಕಾರರೇ ಅದರ ದಾಳಿಗೆ ಬಲಿಯಾದರು. ಗಾಯಗೊಂಡ ಪ್ರಾಣಿಯನ್ನು ಸಮೀಪಿಸುವುದೆಂದರೇನೆಂದು ಅವರಿಗಿಂತ ಚೆನ್ನಾಗಿ ತಿಳಿದವರು ವಿರಳ.

ಕಳೆದ ವರ್ಷ ಕೊಟ್ಟಿಗೆಹಾರದಿಂದ ಬಾಳೂರು ಹ್ಯಾಂಡ್‌ಪೋಸ್ಟ್ ಹಾದು ಆ ತೋಟಕ್ಕೆ ಹೋಗಿದ್ದೆ. ಬೆಳೆಗಾರರಿಗೆ ಎಪ್ಪತ್ತು ದಾಟಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಬೀರುವಿನಿಂದ ಕೋವಿ ತೆಗೆದು ತೋರಿಸಿದರು. ಎಣ್ಣೆ ಹಚ್ಚಿ ಒರೆಸಿಟ್ಟಿದ್ದಾರೆ, ಹಾರಿಸಿಲ್ಲ. ಪ್ರತಿ ಚುನಾವಣೆಗೂ ಠಾಣೆಗೆ ಹೊತ್ತೊಯ್ದು ಒಪ್ಪಿಸಿ, ಮತ್ತೆ ತರಬೇಕು. “ಮುಂದಿನ ನವೀಕರಣಕ್ಕೆ ಕೊಟ್ಟೇ ಬಿಡೋದು ಅಂತ ಇದೀನಿ ಸಾರ್” ಎಂದರು. ರಿವಾಲ್ವರಿನ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹೊರಡುವ ಹೊತ್ತಿಗೆ ಅಂಗಳಕ್ಕೆ ಒಂದು ಜೀಪು ಬಂತು. ಆನೆ ಓಡಿಸುವ ತಂಡದ ಹುಡುಗರು. ಕೈಯಲ್ಲಿ ಟಾರ್ಚು, ಚೀಲದಲ್ಲಿ ಪಟಾಕಿ. ಅವರಲ್ಲೊಬ್ಬ ಆ ಮೇಸ್ತ್ರಿಯ ಹಿರಿಮಗ. ನನ್ನ ಪರಿಚಯ ಹೇಳಿದಾಗ ನಮಸ್ಕರಿಸಿ, ಸ್ವಲ್ಪ ಪಕ್ಕಕ್ಕೆ ಕರೆದ. “ಸಾರ್, ಅಪ್ಪಯ್ಯನ ಕಾಗದ ನೀವೇ ಮಾಡಿಕೊಟ್ಟಿದ್ದಂತೆ. ಅಪ್ಪಯ್ಯ ಆವತ್ತು ಕಳೆ ತೆಗೆಯೋಕೆ ಹೋಗಿದ್ದು ಹೌದಾ?” ಎಂದ.

ಅಲ್ಲ ಎಂದೆ.

“ಅಮ್ಮನೂ ಹಾಗೇ ಹೇಳ್ತಾಳೆ” ಎಂದು ಅವನು ಜೀಪು ಹತ್ತಿದ. ಜಾವಳಿ ಕಡೆ ಒಂಟಿ ಸಲಗವೊಂದು ಗದ್ದೆಗೆ ಇಳಿದಿದೆಯೆಂದು ಅವರಿಗೆ ಫೋನು ಬಂದಿತ್ತು.