ಬಿಪಿ ಮಾತ್ರೆ ನೆನಪಿಗೂ ಬೇಕು

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಎಂದರೆ ಮಾವು. ಮಿದುಳಿನ ವಿಜ್ಞಾನಿಗಳಿಗೆ ಈ ತಾಲ್ಲೂಕು ಇನ್ನೊಂದು ಕಾರಣಕ್ಕೂ ಮುಖ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಇಲ್ಲಿನ ಹಳ್ಳಿಗಳಲ್ಲಿ ‘ಸ್ಯಾನ್ಸ್‌ಕಾಗ್’ ಎಂಬ ಅಧ್ಯಯನ ಆರಂಭಿಸಿತು. 45 ದಾಟಿದ, ಮರೆಗುಳಿತನದ ಕಾಯಿಲೆ ಇಲ್ಲದ 10,000 ಹಳ್ಳಿಗರನ್ನು ಸೇರಿಸಿಕೊಂಡು, ವರ್ಷಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸುವುದು ಅದರ ಗುರಿ. ವಯಸ್ಸಾದಂತೆ ಯಾರ ನೆನಪು ಗಟ್ಟಿಯಾಗಿ ಉಳಿಯುತ್ತದೆ, ಯಾರದು ಕುಂದುತ್ತದೆ, ಏಕೆ ಎಂಬುದು ಹೀಗೆ ಕಾದು ನೋಡಿದರೆ ಮಾತ್ರ ತಿಳಿಯುತ್ತದೆ.

ಈ ಅಧ್ಯಯನದಲ್ಲಿ ನೆನಪಿನ ಪರೀಕ್ಷೆ, ಮಿದುಳಿನ ಎಂಆರ್‌ಐ ಜೊತೆಗೆ ಬಿಪಿ, ಸಕ್ಕರೆ, ರಕ್ತದ ಕೊಬ್ಬು, ಹೃದಯ ಮತ್ತು ರಕ್ತನಾಳಗಳ ಸ್ಥಿತಿಯನ್ನೂ ನೋಡುತ್ತಾರೆ. ಮರೆವಿನ ಕಾಯಿಲೆ ಹುಡುಕುವವರಿಗೆ ಹೃದಯದ ಉಸಾಬರಿ ಏಕೆ?

ನಮ್ಮ ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಪಾಲು ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಹೃದಯ ಕ್ಷಣಕ್ಷಣಕ್ಕೂ ರಕ್ತ ಕಳಿಸುತ್ತಲೇ ಇರಬೇಕು. ಮಿದುಳಿನ ಒಳಪದರಗಳಿಗೆ ಆ ರಕ್ತ ತಲುಪುವುದು ಕೂದಲೆಳೆಯಂಥ ನಾಳಗಳ ಮೂಲಕ. ಬಿಪಿ ವರ್ಷಗಟ್ಟಲೆ ಏರಿಯೇ ಇದ್ದರೆ ಈ ನಾಳಗಳ ಗೋಡೆ ದಪ್ಪವಾಗಿ, ಒಳದಾರಿ ಕಿರಿದಾಗುತ್ತದೆ. ಟೊಮೆಟೊ ಹೊಲದ ಡ್ರಿಪ್ ಪೈಪಿನಲ್ಲಿ ಉಪ್ಪು ಕಟ್ಟಿದಾಗ ಮೋಟಾರು ಓಡುತ್ತಿದ್ದರೂ ಸಾಲಿನ ಕೊನೆಯ ಗಿಡಗಳು ಬಾಡುತ್ತವಲ್ಲ, ಇದೂ ಹಾಗೆಯೇ. ಎಂಆರ್‌ಐ ಚಿತ್ರದಲ್ಲಿ ಈ ಹಾನಿ ಬಿಳಿ ಮಚ್ಚೆಗಳಾಗಿ ಕಾಣುತ್ತದೆ. ಕೆಲವೊಮ್ಮೆ ಕೈಕಾಲು ಬಿದ್ದುಹೋಗದಷ್ಟು ಸಣ್ಣ ಪಾರ್ಶ್ವವಾಯುಗಳೂ ಯಾರಿಗೂ ಗೊತ್ತಾಗದೆ ಆಗಿಹೋಗಿರುತ್ತವೆ.

ಹೀಗೆ ಬರುವ ಮರೆಗುಳಿತನ ಹೆಸರು ಮರೆಯುವುದರಿಂದಲೇ ಶುರುವಾಗಬೇಕೆಂದಿಲ್ಲ. ಸಂತೆಯಲ್ಲಿ ಚಿಲ್ಲರೆ ಲೆಕ್ಕ ತಪ್ಪಬಹುದು. ದಿನವೂ ಬಸ್ಸಾರು ಮಾಡಿದವರಿಗೆ ಸೊಪ್ಪು ಬೇಯಿಸಿದ ಮೇಲೆ ಮುಂದೇನು ಎಂದು ತೋಚದಿರಬಹುದು. ಮಾತು, ನಡಿಗೆ ನಿಧಾನವಾಗಬಹುದು. ಇಳಿವಯಸ್ಸಿನಲ್ಲಿ ಅನೇಕರಿಗೆ ಆಲ್ಝೈಮರ್ ಕಾಯಿಲೆ ಮತ್ತು ಈ ರಕ್ತನಾಳದ ಹಾನಿ ಎರಡೂ ಒಟ್ಟಿಗೇ ಇರುತ್ತವೆ. ಮನೆಯವರು ಇದನ್ನೆಲ್ಲ ‘ವಯಸ್ಸಾಯ್ತಲ್ಲ, ಅರಳು ಮರಳು’ ಎಂದು ತಳ್ಳಿಹಾಕುತ್ತಾರೆ.

ಹೃದಯದ ಬೇರೆ ಕಾಯಿಲೆಗಳೂ ಇದೇ ದಾರಿಗೆ ಬಂದು ಸೇರುತ್ತವೆ. ಎದೆಬಡಿತದ ಲಯ ತಪ್ಪುವ ‘ಏಟ್ರಿಯಲ್ ಫಿಬ್ರಿಲೇಷನ್’ ಇದ್ದವರಲ್ಲಿ ಹೃದಯದೊಳಗೆ ಹೆಪ್ಪುಗಟ್ಟಿದ ರಕ್ತದ ಗಂಟು ಮಿದುಳಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಹೃದಯ ದುರ್ಬಲವಾದವರಲ್ಲಿ ಮಿದುಳಿಗೆ ಹೋಗುವ ರಕ್ತವೇ ಕಡಿಮೆಯಾಗುತ್ತದೆ.

ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಮರೆಗುಳಿತನದ ಕಾಯಿಲೆ (ಡಿಮೆನ್ಷಿಯಾ) ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಆದರೆ ಭರವಸೆಯೂ ಇದೆ. ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಬದಲಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿತು. ಇವನ್ನೆಲ್ಲ ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ 45ರವರೆಗೆ ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಲೆಕ್ಕ. ಬಿಪಿ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ಧೂಮಪಾನ, ಬೊಜ್ಜು, ಮೈಬಗ್ಗಿಸದ ಬದುಕು ಎಲ್ಲವೂ ಆ ಪಟ್ಟಿಯಲ್ಲಿವೆ. ಹೃದಯತಜ್ಞರು ಎಚ್ಚರಿಸುವುದೂ ಇವುಗಳ ಬಗ್ಗೆಯೇ. ಅಮೆರಿಕದಲ್ಲಿ ಬಿಪಿ ಇದ್ದ 9,000ಕ್ಕೂ ಹೆಚ್ಚು ಜನರ ಮೇಲೆ ನಡೆದ ‘ಸ್ಪ್ರಿಂಟ್’ ಪ್ರಯೋಗದಲ್ಲಿ ಮೇಲಿನ ಬಿಪಿಯನ್ನು 140ಕ್ಕಿಂತ ಕೆಳಗಿಡುವ ಬದಲು 120ಕ್ಕಿಂತ ಕೆಳಗಿಡಲು ಯತ್ನಿಸಿದಾಗ, ಡಿಮೆನ್ಷಿಯಾದ ಮುನ್ನಿನ ಹಂತವಾದ ಸೌಮ್ಯ ಮರೆವು ಶೇ 19ರಷ್ಟು ಕಡಿಮೆ ಕಂಡಿತು. ಡಿಮೆನ್ಷಿಯಾ ತಡೆದದ್ದು ಮಾತ್ರ ಖಚಿತವಾಗಿ ಸಾಬೀತಾಗಲಿಲ್ಲ. ನಮ್ಮ ಅಜ್ಜ ಅಜ್ಜಿಯರಿಗೆ ಎಷ್ಟು ಇಳಿಸಬೇಕು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ತೀರಾ ಇಳಿದರೆ ತಲೆಸುತ್ತಿ ಬೀಳುವ ಅಪಾಯವಿದೆ.

ಕಷ್ಟವೆಂದರೆ ಬಿಪಿ ನೋಯುವುದಿಲ್ಲ. ‘ಚೆನ್ನಾಗಿಯೇ ಇದ್ದೀನಿ, ನನಗ್ಯಾವ ಬಿಪಿ?’ ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಒಮ್ಮೆ ನಾರ್ಮಲ್ ಬಂತೆಂದು ಮಾತ್ರೆ ಬಿಟ್ಟವರೂ ಇದ್ದಾರೆ. ನಾರ್ಮಲ್ ಬಂದದ್ದು ಆ ಮಾತ್ರೆಯಿಂದಲೇ.

ಕೋಲಾರ ಜಿಲ್ಲೆಗೆ ಈಗ ಒಳ್ಳೆಯ ಅವಕಾಶವಿದೆ. ಮನೆ ಬಾಗಿಲಿಗೇ ಬಂದು ಬಿಪಿ, ಸಕ್ಕರೆ ಪರೀಕ್ಷಿಸುವ ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಮೊದಲು ಶುರುವಾದದ್ದು ಇಲ್ಲೇ. ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವೂ ಮೊದಲ ಹಂತದಲ್ಲೇ ಈ ಜಿಲ್ಲೆಯನ್ನು ಆರಿಸಿಕೊಂಡಿತು. ಮಾಲೂರಿನ ಇಟ್ಟಿಗೆ ಗೂಡಿನ ಕೆಲಸಗಾರರಾಗಲಿ, ಮುಳಬಾಗಿಲಿನ ರೈತರಾಗಲಿ, ಆರೋಗ್ಯ ಕಾರ್ಯಕರ್ತೆ ಬಂದಾಗ ಕೂಲಿ ಹೋಗುತ್ತದೆಂದು ತಪ್ಪಿಸಿಕೊಳ್ಳಬಾರದು. ಬಿಪಿ ನೋಡಿಸುವ ಮೊದಲು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂತಿರಿ. ತೋಳು ಎದೆಯ ಮಟ್ಟದಲ್ಲಿರಲಿ. ಉಪ್ಪು ದಿನಕ್ಕೆ ಒಬ್ಬರಿಗೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಆ ಲೆಕ್ಕಕ್ಕೇ ಸೇರುತ್ತದೆ.

ಮಿದುಳಿಗೆ ಹಾನಿಯಾಗತೊಡಗಿ ಎಷ್ಟೋ ವರ್ಷಗಳಾದ ಮೇಲೆ ಮರೆವು ಕಣ್ಣಿಗೆ ಬೀಳುತ್ತದೆ. ಎಪ್ಪತ್ತರ ನೆನಪನ್ನು ಕಾಯುವ ಕೆಲಸ ಶುರುವಾಗಬೇಕಾದದ್ದು ನಲವತ್ತೈದರಲ್ಲಿ. ಹಾಗಾಗಿ ಹೆತ್ತವರನ್ನು ಆಸ್ಪತ್ರೆಗೆ ಕರೆದೊಯ್ಯುವ ಮಗ, ಮಗಳು, ಸೊಸೆ ಅದೇ ದಿನ ತಮ್ಮ ತೋಳನ್ನೂ ಚಾಚಿ ಬಿಪಿ ನೋಡಿಸಿಕೊಳ್ಳಲಿ.